ಉಪಚಾರದ ಪಾಳಿ

ನೊಂದವರನ್ನು ಕಂಡೊಡನೆ ಧಾವಿಸುವುದು ಕರುಣೆ. ತನ್ನ ಪಾಳಿ ಬರುವವರೆಗೆ ಕಾದು ನಿಲ್ಲುವುದೂ ಕರುಣೆಯೇ ಎಂಬುದನ್ನು ನನ್ನ ಸೋದರಳಿಯ ವಿವರಿಸಿದ ಒಂದು ಕಂಪ್ಯೂಟರ್ ಆಟವು ನನಗೆ ಮನಗಾಣಿಸಿತು.

2004ರಲ್ಲಿ ಬಂದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಆಟಕ್ಕೆ 2006ರಲ್ಲಿ ನಕ್ಸ್‌ರಾಮಸ್ ಎಂಬ ಕೋಟೆ ಸೇರಿತು. ಅಲ್ಲಿಯ ಲೋಥೆಬ್ ಎಂಬ ದೈತ್ಯನನ್ನು 40 ಜನರ ತಂಡ ಎದುರಿಸುತ್ತಿತ್ತು. ಕೆಲವರು ಹೋರಾಡುವರು, ಕೆಲವರು ಗಾಯ ಮಾಯಿಸುವರು. ಆದರೆ ಗಾಯ ಮಾಯಿಸುವವನು ಒಮ್ಮೆ ಮಂತ್ರ ಪ್ರಯೋಗಿಸಿದನೆಂದರೆ, ಮುಂದೆ 60 ಸೆಕೆಂಡು ಅವನಿಂದ ಉಪಚಾರ ಸಾಧ್ಯವಿಲ್ಲ. ಎಲ್ಲರೂ ಏಕಕಾಲಕ್ಕೆ ಧಾವಿಸಿದರೆ ಎಲ್ಲರ ಕೈಗಳೂ ಬರಿದಾಗಿ, ಮುಂದೆ ನಿಂತು ಪೆಟ್ಟು ತಿನ್ನುವವನು ಬೀಳುತ್ತಾನೆ. ಆದ್ದರಿಂದ ಅವರು ಪಾಳಿಯ ಪಟ್ಟಿ ಮಾಡಿಕೊಳ್ಳುತ್ತಿದ್ದರು: ಹನ್ನೆರಡು ಮಂದಿಯಿದ್ದರೆ ಐದು ಸೆಕೆಂಡಿಗೊಬ್ಬರು.

ಆಟವಾದರೂ ಅದರಲ್ಲಿ ವಧೆಯಿದೆ; ಅದನ್ನು ನಾನು ಮೆಚ್ಚಲಾರೆ. ಆ ಪಟ್ಟಿಯ ವಿವೇಕವನ್ನು ಮಾತ್ರ ತಳ್ಳಿಹಾಕಲಾರೆ.

ಹಾನಗಲ್ಲಿನ ನಮ್ಮ ಮನೆಯಲ್ಲಿ ತಾಯಿಯವರು ಹಾಸಿಗೆ ಹಿಡಿದಾಗ ಮೊದಲ ವಾರ ಬಂಧುಗಳೆಲ್ಲ ನೆರೆದರು. ತಿಂಗಳು ಕಳೆಯುವಷ್ಟರಲ್ಲಿ ಎಲ್ಲರೂ ದಣಿದಿದ್ದರು, ರೋಗ ದಣಿದಿರಲಿಲ್ಲ. ಆಗ ಒಡಹುಟ್ಟಿದ ನಾವು ನಾಲ್ವರು ರಾತ್ರಿಗಳನ್ನು ಹಂಚಿಕೊಂಡೆವು. ಪಾಳಿಯಿಲ್ಲದ ರಾತ್ರಿ ಅವ್ವ ನರಳುವುದು ಕೇಳಿಸಿದರೂ ಏಳದೆ ಮಲಗಿರುವುದು ಎಚ್ಚರವಿರುವುದಕ್ಕಿಂತ ಕಠಿಣವಾಗಿತ್ತು. ಆದರೆ ಆ ನಿದ್ರೆಯೇ ಮರುದಿನದ ಶುಶ್ರೂಷೆಗೆ ಬಲವಾಯಿತು. ಬಳಿಯಲ್ಲಿರುವ ತಂಗಿ ನೋಡಿಕೊಳ್ಳುವಳೆಂದು ನಂಬದಿದ್ದರೆ ಆ ನಿದ್ರೆ ಬಾರದು.

ಮನೆಯಲ್ಲಿ ದೀರ್ಘ ರೋಗಿಯಿದ್ದರೆ ಮೊದಲ ದಿನವೇ ಪಾಳಿ ಗೊತ್ತುಮಾಡಿಕೊಳ್ಳಿರಿ. ‘ನಾನೇ ಮಾಡಬೇಕು’ ಎಂಬ ಹಟದಲ್ಲಿ ಪ್ರೀತಿಯೊಡನೆ ಅಹಂಕಾರವೂ ಬೆರೆತಿರುತ್ತದೆ. ಅದನ್ನು ಬಿಟ್ಟಷ್ಟೂ ರೋಗಿಗೆ ಹಿತ.