ಬೆಳ್ಳಂದೂರಿನಲ್ಲೊಂದು ಬೆಟ್ಟದ ಸಂತೆ

ಮೊಮ್ಮಗಳ ಜಾಮಿಟ್ರಿ ಬಾಕ್ಸಿನಲ್ಲಿ ಪೆನ್ಸಿಲ್ ಹುಡುಕುತ್ತಿದ್ದಾಗ ನಾಲ್ಕು ಮಡಿಕೆಯ ಒಂದು ಕಾಗದ ಸಿಕ್ಕಿತು. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಮಡಿಸಿದ ಕಾಗದ ಕಂಡರೆ ಬಿಡಿಸಿ ಓದದೆ ಇರಲಾರೆ. ಅದು ಶಾಲೆಯವರು ಕೊಟ್ಟ ಪಟ್ಟಿ. ದಸರಾ ರಜೆ ಮುಗಿದ ಮೇಲೆ ಏಳನೆಯ ತರಗತಿಯವರನ್ನು ಎರಡು ದಿನ ಕೊಡಚಾದ್ರಿಗೆ ಕರೆದೊಯ್ಯುತ್ತಾರಂತೆ. ಪ್ರತಿಯೊಬ್ಬರೂ ತರಬೇಕಾದದ್ದು ಹೈಕಿಂಗ್ ಶೂ, 40 ಲೀಟರಿನ ಬೆನ್ನುಚೀಲ, ಮಳೆ ಜಾಕೆಟ್, ಚಳಿ ಜಾಕೆಟ್, ಬೇಗ ಒಣಗುವ ಪ್ಯಾಂಟು ಎರಡು, ಹಣೆಗೆ ಕಟ್ಟುವ ಟಾರ್ಚು, ಸ್ಲೀಪಿಂಗ್ ಬ್ಯಾಗು, ಊರುಗೋಲು, ನೀರಿನ ಬಾಟಲಿ ಎರಡು. ಪಕ್ಕದಲ್ಲಿ ಪೆನ್ಸಿಲಿನಿಂದ ಅವಳೇ ಬೆಲೆ ಬರೆದು ಕೂಡಿದ್ದಳು. 14,200 ರೂಪಾಯಿ. ಎರಡು ಸಲ ಕೂಡಿ ನೋಡಿದೆ, ಲೆಕ್ಕ ಸರಿಯಾಗಿಯೇ ಇತ್ತು.

"ಇದನ್ನ ಯಾಕೆ ಅಪ್ಪ ಅಮ್ಮನಿಗೆ ತೋರಿಸಲಿಲ್ಲ?" ಎಂದೆ.

"ನಾನು ಹೋಗಲ್ಲ ತಾತ. ನಂಗೆ ಕಾಲು ನೋವು."

ಅವಳ ಕಾಲಿಗೆ ಏನೂ ಆಗಿರಲಿಲ್ಲ. ಅವಳಪ್ಪ ಕೆಲಸ ಮಾಡುತ್ತಿದ್ದ ಪ್ರಾಜೆಕ್ಟನ್ನು ಜುಲೈನಲ್ಲಿ ಮುಚ್ಚಿದ್ದರು. ಅಂದಿನಿಂದ ಅವನು ಬೆಳಗಿನ ಹೊತ್ತು ಲ್ಯಾಪ್‌ಟಾಪ್ ಹಿಡಿದು ರೂಮಿನ ಬಾಗಿಲು ಹಾಕಿಕೊಂಡರೆ ಊಟಕ್ಕಷ್ಟೇ ಹೊರಗೆ ಬರುತ್ತಿದ್ದ. ಮನೆಯಲ್ಲಿ ಯಾರೂ ಆ ವಿಷಯ ಎತ್ತುತ್ತಿರಲಿಲ್ಲ. ಎತ್ತದೆ ಇದ್ದರೂ ಮಕ್ಕಳಿಗೆ ಎಲ್ಲ ತಿಳಿಯುತ್ತದೆ. ಪ್ರವಾಸದ ಶುಲ್ಕವನ್ನು ಜೂನ್‌ನಲ್ಲೇ ಕಟ್ಟಿಯಾಗಿತ್ತು, ಉಳಿದದ್ದು ಈ ಪಟ್ಟಿ ಮಾತ್ರ. "ಪಟ್ಟಿ ನನಗೆ ಬಿಡು. ಆಡಿಟ್ ಮಾಡೋಣ" ಎಂದೆ.

ನಮ್ಮ ಬೆಳ್ಳಂದೂರಿನಲ್ಲಿ ಬೆಟ್ಟವಿಲ್ಲ, ಫ್ಲೈಓವರ್ ಇದೆ. ಹೊರವರ್ತುಲ ರಸ್ತೆ ಇದೆ. ಬೆಂಗಳೂರಿನ ಅತಿ ದೊಡ್ಡ ಕೆರೆ ಇದೆ, ಅದರ ನೊರೆ ರಸ್ತೆಗೆ ಹಾರಿ ಬರುವುದನ್ನೂ ಆ ಕೆರೆಗೇ ಬೆಂಕಿ ಹತ್ತಿದ್ದನ್ನೂ ಟೀವಿಯಲ್ಲಿ ನೀವೂ ನೋಡಿರುತ್ತೀರಿ. ಆದರೆ ಶುಕ್ರವಾರ ರಾತ್ರಿ ಹತ್ತು ಗಂಟೆಗೆ ನಮ್ಮ ಗೇಟಿನ ಬಳಿ ಬಂದು ನಿಂತರೆ ಇಲ್ಲೇ ಎಲ್ಲೋ ಹಿಮಾಲಯ ಇದೆ ಅನ್ನಿಸುತ್ತದೆ. ಹುಡುಗ ಹುಡುಗಿಯರು ಬೆನ್ನಿಗೆ ಚೀಲ ಏರಿಸಿ ಟೆಂಪೋ ಟ್ರಾವೆಲರ್‌ಗೆ ಕಾಯುತ್ತಿರುತ್ತಾರೆ. ಕುದುರೆಮುಖ, ಚಿಕ್ಕಮಗಳೂರು, ಕುಮಾರಪರ್ವತ ಸುತ್ತಿ ಭಾನುವಾರ ರಾತ್ರಿ ಕೆಸರು ಮೆತ್ತಿಕೊಂಡು ಬರುತ್ತಾರೆ, ಸೋಮವಾರ ಇಸ್ತ್ರಿ ಅಂಗಿ ತೊಟ್ಟು ಆಫೀಸಿಗೆ ಹೋಗುತ್ತಾರೆ. ಹಾಗಾಗಿ ಬೆಟ್ಟವಿಲ್ಲದ ಈ ಊರಿನಲ್ಲಿ ಬೆಟ್ಟದ ಸಾಮಾನಿಗೆ ಕೊರತೆ ಇಲ್ಲ.

ಮೊದಲು ಸರ್ಜಾಪುರ ರಸ್ತೆಯ ಡೆಕಾಥ್ಲಾನ್‌ಗೆ ಹೋದೆವು. ಇದು ಫ್ರಾನ್ಸ್ ದೇಶದ ಕಂಪನಿ. 1976ರಲ್ಲಿ ಅಲ್ಲಿನ ಲಿಲ್ ನಗರದ ಬಳಿ ಶುರುವಾದ ಇದು ಭಾರತದಲ್ಲಿ ಮೊದಲು ಬಾಗಿಲು ತೆರೆದದ್ದು 2009ರಲ್ಲಿ, ನಮ್ಮ ಸರ್ಜಾಪುರ ರಸ್ತೆಯಲ್ಲೇ. ಒಳಗೆ ಹೋದರೆ ನಮ್ಮ ಹಳೆಯ ಜಾತ್ರೆಯಷ್ಟು ಜನ, ಆದರೆ ಚೌಕಾಸಿ ಇಲ್ಲ. ಬೆಟ್ಟದ ಸಾಮಾನಿನ ಮೇಲೆಲ್ಲ 'ಕೆಚುವಾ' ಎಂಬ ಹೆಸರು. ಅದೇನೆಂದು ಮೊಮ್ಮಗಳು ಕೇಳಿದಳು. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳ ಜನರ ಹೆಸರು ಅದು, ಅವರ ಭಾಷೆಗೂ ಅದೇ ಹೆಸರು. ಹಿಂದೆ ಇಂಕಾ ಸಾಮ್ರಾಜ್ಯದವರು ಆಡುತ್ತಿದ್ದ ಭಾಷೆ.

ಶೂಗಳ ಸಾಲಿನಲ್ಲಿ ಒಬ್ಬ ಹುಡುಗ ಸಿಕ್ಕಿದ. ನಾವು ಕೊಳ್ಳಬೇಕಾದ್ದಕ್ಕಿಂತ ಹೆಚ್ಚಿನದನ್ನು ಮಾರಲು ಅವನು ನೋಡಲಿಲ್ಲ, ಅದಕ್ಕೇ ಅವನ ಮಾತು ನೆನಪಿದೆ. "ಸಂಜೆ ಬಂದಿದ್ದು ಒಳ್ಳೇದಾಯ್ತು ಅಂಕಲ್, ಬೆಳಿಗ್ಗೆಗಿಂತ ಈಗ ಪಾದ ಸ್ವಲ್ಪ ಉಬ್ಬಿರುತ್ತೆ. ಬೆಟ್ಟ ಹತ್ತುವಾಗಲೂ ಹೀಗೇ ಉಬ್ಬುತ್ತೆ" ಎಂದ. ದಪ್ಪ ಕಾಲುಚೀಲ ಹಾಕಿಸಿಯೇ ಅಳತೆ ನೋಡಿದ. ಆಮೇಲೆ ಮೊಮ್ಮಗಳಿಗೆ ಶೂ ತುದಿಯಿಂದ ನೆಲವನ್ನು ಎರಡು ಸಲ ಒದೆಯಲು ಹೇಳಿದ. ಬೆರಳು ಮುಂದಕ್ಕೆ ತಾಗಿದರೆ ಅಳತೆ ಚಿಕ್ಕದು ಎಂದರ್ಥ. ಹತ್ತುವಾಗ ಅದು ಗೊತ್ತಾಗುವುದಿಲ್ಲ. ಇಳಿಯುವಾಗ ಮೈಭಾರವೆಲ್ಲ ಬೆರಳಿಗೆ ಬಂದು ಉಗುರು ಕಪ್ಪಗಾಗುತ್ತದೆ. ಒಂದು ಹೆಬ್ಬೆರಳಿನಷ್ಟು ಜಾಗ ಬಿಟ್ಟು ತೆಗೆದುಕೊಂಡೆವು. 1,499 ರೂಪಾಯಿ.

ಮಳೆ ಜಾಕೆಟ್ಟಿನ ಚೀಟಿಯಲ್ಲಿ '2000 ಮಿ.ಮೀ.' ಎಂದು ಬರೆದಿತ್ತು. ಅಷ್ಟು ಮಳೆ ಬಂದರೂ ತಡೆಯುತ್ತದೇನೋ ಅಂದುಕೊಂಡಿದ್ದೆ, ಅದಲ್ಲವಂತೆ. ಬಟ್ಟೆಯ ಮೇಲೆ ಒಂದು ಕೊಳವೆ ನಿಲ್ಲಿಸಿ ನೀರು ತುಂಬುತ್ತ ಹೋಗುತ್ತಾರೆ. ನೀರು 2000 ಮಿಲಿಮೀಟರ್, ಅಂದರೆ ಎರಡು ಮೀಟರ್ ಎತ್ತರ ನಿಂತರೂ ಬಟ್ಟೆ ತಡೆದುಕೊಳ್ಳುತ್ತದೆ ಎಂದು ಅದರ ಅರ್ಥ. ಅಂಕಿ ಹೆಚ್ಚಿದ ಹಾಗೆ ಬೆಲೆಯೂ ಹೆಚ್ಚುತ್ತದೆ. ಎರಡು ದಿನದ ನಡಿಗೆಗೆ 2000 ಸಾಕೆಂದು 999 ಕೊಟ್ಟೆವು. ನನ್ನ ಬಾಲ್ಯದಲ್ಲಿ ಕಲ್ಕತ್ತದ ಡಕ್‌ಬ್ಯಾಕ್ ರೈನ್‌ಕೋಟು ಇದ್ದವನೇ ಸಾಹುಕಾರ. ನಮಗೆಲ್ಲ ಗೋಣಿಚೀಲದ ಕೊಪ್ಪೆ. ಕಾಲುಚೀಲ ಎರಡು ಜೊತೆಗೆ 300. ಹತ್ತಿಯದು ಬೇಡವೆಂದು ಆ ಹುಡುಗನೇ ಹೇಳಿದ. ಹತ್ತಿ ಬೆವರು ಹೀರಿ ಒದ್ದೆಯಾಗಿಯೇ ಇರುತ್ತದೆ, ಒದ್ದೆ ಚರ್ಮ ಉಜ್ಜಿ ಬೊಬ್ಬೆ ಏಳುತ್ತದೆ.

ಅಂಗಡಿಯ ವ್ಯಾಪಾರ ಅಲ್ಲಿಗೆ ಮುಗಿಸಿದೆ. ಚಳಿ ಜಾಕೆಟ್ಟಿಗೆ ಸೊಸೆಯ ಹಳೆಯ ಉಣ್ಣೆ ಸ್ವೆಟರ್ ಇತ್ತು. ಮೊಮ್ಮಗಳು ಮೂತಿ ಉಬ್ಬಿಸಿದಳು. ಆಗ ಅವಳಿಗೆ ಜಾರ್ಜ್ ಮ್ಯಾಲೊರಿಯ ಕತೆ ಹೇಳಿದೆ. 1924ರಲ್ಲಿ ಎವರೆಸ್ಟಿಗೆ ಹೋಗಿ ಹಿಂತಿರುಗದವನು ಆತ. 1999ರಲ್ಲಿ ದೇಹ ಸಿಕ್ಕಿದಾಗ ಮೈಮೇಲಿದ್ದದ್ದು ರೇಷ್ಮೆ, ಹತ್ತಿ, ಉಣ್ಣೆ, ಅದರ ಮೇಲೊಂದು ಗ್ಯಾಬರ್ಡಿನ್ ಕೋಟು, ಪದರದ ಮೇಲೆ ಪದರ. ಅದೇ ಮಾದರಿಯ ಬಟ್ಟೆ ಹೊಲಿಸಿ ಈಚೆಗೆ ತೊಟ್ಟು ನೋಡಿದವರು ಹಗುರವಾಗಿಯೂ ಬೆಚ್ಚಗೂ ಇದೆ ಎಂದರು. ಸ್ವೆಟರ್ ಪಾಸಾಯಿತು. ಪ್ಯಾಂಟಿಗೆ ಶಾಲೆಯ ಪಿ.ಟಿ. ಟ್ರ್ಯಾಕ್ ಪ್ಯಾಂಟೇ ಪಾಲಿಯೆಸ್ಟರ್, ಅದು ಬೇಗ ಒಣಗುತ್ತದೆ. ಕೋಲಿಗೆ ಮುರಿದ ಮಾಪಿನ ಹಿಡಿ.

ಉಳಿದದ್ದಕ್ಕೆ ನಾವು ಲಿಫ್ಟಿನ ಪಕ್ಕದ ನೋಟಿಸ್ ಬೋರ್ಡಿಗೆ ಹೋದೆವು. ಬೆಳ್ಳಂದೂರಿನ ನಿಜವಾದ ಸಂತೆ ಅದೇ. ಇಲ್ಲಿ ಯಾರೂ ಬಹಳ ವರ್ಷ ಇರುವುದಿಲ್ಲ. ಪುಣೆಗೋ ಹೈದರಾಬಾದಿಗೋ ಅಮೆರಿಕಕ್ಕೋ ವರ್ಗವಾಗಿ ಹೊರಡುವ ಮುನ್ನ ಮಂಚ, ವಾಷಿಂಗ್ ಮಷಿನ್ನು, ಗಿಟಾರು ಎಲ್ಲದಕ್ಕೂ ಬೆಲೆ ಬರೆದು ಅಂಟಿಸುತ್ತಾರೆ. ಒಂದೇ ಒಂದು ಸಲ ಹಿಮಾಲಯಕ್ಕೆ ಹೋಗಲೆಂದು ಕೊಂಡ ಸಾಮಾನು ಇದರಲ್ಲಿ ಬಹಳ. ಒಂಬತ್ತನೆಯ ಮಹಡಿಯ ಹುಡುಗನೊಬ್ಬ 35 ಲೀಟರಿನ ಚೀಲವನ್ನು 500ಕ್ಕೆ ಕೊಟ್ಟು, ಹಣೆ ಟಾರ್ಚನ್ನು ಹಾಗೇ ಕೊಟ್ಟುಬಿಟ್ಟ. ಸೆಲ್ಲಿಗೆ 60 ರೂಪಾಯಿ ನನ್ನದು. ಪಟ್ಟಿಯಲ್ಲಿ 40 ಲೀಟರ್ ಅಂದಿತ್ತು, ಆದರೆ ಅಷ್ಟು ದೊಡ್ಡ ಚೀಲ ಇದ್ದರೆ ಅಷ್ಟನ್ನೂ ತುಂಬುತ್ತೇವೆ. ಮಕ್ಕಳು ಹೊರಬೇಕಾದದ್ದು ತಮ್ಮ ತೂಕದ ಹತ್ತರಲ್ಲೊಂದು ಪಾಲು, ಬಹಳವೆಂದರೆ ಶೇ. 15. ಮೊಮ್ಮಗಳು 36 ಕೆ.ಜಿ., ಅಂದರೆ ಚೀಲ ಐದು ಕೆ.ಜಿ. ಮೀರಬಾರದು. ಆ ಭಾರವೂ ಹೆಗಲ ಮೇಲಲ್ಲ, ಸೊಂಟದ ಪಟ್ಟಿಯ ಮೇಲೆ ಕೂರಬೇಕು. ಸ್ಲೀಪಿಂಗ್ ಬ್ಯಾಗನ್ನು ದಿನಕ್ಕೆ 60ರಂತೆ ಮೂರು ದಿನಕ್ಕೆ ಬಾಡಿಗೆಗೆ ತಂದೆ. ವರ್ಷಕ್ಕೊಮ್ಮೆ ಮಲಗುವ ಹಾಸಿಗೆಯನ್ನು ಯಾರು ಕೊಳ್ಳುತ್ತಾರೆ?

ಅದೇ ಹುಡುಗನ ಮನೆಯಲ್ಲಿ ನನ್ನ ಕಣ್ಣಿಗೆ ಒಂದು ಜೊತೆ ಶೂ ಬಿತ್ತು. ವಿದೇಶಿ ಮಾಲು, ಡಬ್ಬಿಯಲ್ಲೇ ಇತ್ತು. ಎಂಟು ವರ್ಷದ ಹಿಂದೆ 12,000 ಕೊಟ್ಟು ತಂದು ಒಮ್ಮೆ ಮಾತ್ರ ತೊಟ್ಟದ್ದಂತೆ. 900ಕ್ಕೆ ಕೊಡುತ್ತೇನೆಂದ. ನನ್ನ ಕಾಲಿಗೆ ಅಳತೆ ಹೊಂದಿತು. ಮನೆಗೆ ಬಂದು ಮಗನೆದುರು ಬೀಗಿದೆ. ಬಿ.ಕಾಂ.ನಲ್ಲಿ ಓದಿದ ಸವಕಳಿ ಲೆಕ್ಕವನ್ನು ಮೊಮ್ಮಗಳಿಗೆ ಹೇಳಿಕೊಟ್ಟೆ. ಸಾವಿರ ಸಲ ತೊಡಬಹುದಾದ ಶೂ, ತೊಟ್ಟದ್ದು ಒಂದು ಸಲ. ಹಾಗಾದರೆ ಸವೆದದ್ದು ಸಾವಿರದಲ್ಲೊಂದು ಪಾಲು, 12 ರೂಪಾಯಿ. ಉಳಿದ 11,988ರ ಮಾಲು 900ಕ್ಕೆ!

ಹೊಸ ಶೂ ಕಾಲಿಗೆ ಒಗ್ಗಬೇಕು. ಒಂದು ವಾರ ಇಬ್ಬರೂ ಕೈಕೊಂಡ್ರಹಳ್ಳಿ ಕೆರೆಯ ಸುತ್ತ ಬೆಳಿಗ್ಗೆ ಮೂರು ಮೂರು ಸುತ್ತು ಹಾಕಿದೆವು. ಆ ಕೆರೆಗೆ ಮತ್ತೆ ಜೀವ ಬಂದಿದೆ, ನೀರುಕಾಗೆಗಳು ರೆಕ್ಕೆ ಹರಡಿ ಕೂತಿರುತ್ತವೆ. ಎಂಟನೆಯ ದಿನ ನಿಜವಾದ ಬೆಟ್ಟದಲ್ಲೇ ಪರೀಕ್ಷೆ ಆಗಲಿ ಎಂದು ಶಿವಗಂಗೆಗೆ ಹೊರಟೆವು. "ನೀವಿಬ್ಬರೇ ಹೋಗೋದಾ?" ಎಂದು ಮಗ ಬಾಗಿಲು ತೆರೆದು ಕೇಳಿದ. ಆಮೇಲೆ ತಾನೂ ಚಪ್ಪಲಿ ಬಿಟ್ಟು ಶೂ ಹಾಕಿಕೊಂಡ.

ಮೆಜೆಸ್ಟಿಕ್ಕಿನಿಂದ ತುಮಕೂರು ಬಸ್ಸು ಹಿಡಿದು ದಾಬಸ್‌ಪೇಟೆಯಲ್ಲಿಳಿದು ಶಿವಗಂಗೆಗೆ ಹೋದೆವು. ಕಾಲೇಜಿನಲ್ಲಿದ್ದಾಗ ಹವಾಯಿ ಚಪ್ಪಲಿಯಲ್ಲಿ ಹತ್ತಿದ್ದ ಬೆಟ್ಟ. ಗಂಗಾಧರೇಶ್ವರನಿಗೆ ಕೈಮುಗಿದು, ಒಳಕಲ್ಲು ತೀರ್ಥದ ಗುಂಡಿಯಲ್ಲಿ ಕೈ ಇಳಿಬಿಟ್ಟು ನೀರು ಮುಟ್ಟಿದೆವು. ನನ್ನ ಕೈಗೆ ಸಿಕ್ಕಿತು, ಮಗನಿಗೆ ಸಿಗಲಿಲ್ಲ, ಮೊಮ್ಮಗಳು ಸಿಕ್ಕಿತೆಂದು ಹೇಳಿದಳು. ಅಲ್ಲಿಂದ ಮೇಲೆ ಬಂಡೆಯಲ್ಲೇ ಕಡಿದ ಮೆಟ್ಟಿಲು, ಕಬ್ಬಿಣದ ಕಂಬಿ. ಕೋತಿಗಳ ಕಾಟ ಬೇರೆ, ಒಂದು ನಮ್ಮ ಸೌತೆಕಾಯಿ ಪೊಟ್ಟಣವನ್ನು ಕಿತ್ತುಕೊಂಡೇ ಹೋಯಿತು.

ಕಡಿದಾದ ಒಂದು ಕಡೆ ಬಲಗಾಲು ಎತ್ತಿದೆ. ಶೂ ಮೇಲೆ ಬಂತು, ಅಟ್ಟೆ ಕೆಳಗೇ ಉಳಿಯಿತು. ಕಾಲು ಜಾರಿತು. ಕಂಬಿ ಹಿಡಿದಿದ್ದೆ, ಹಿಂದಿನಿಂದ ಮಗ ನನ್ನ ಸೊಂಟ ಹಿಡಿದ. ಹಿಡಿಯದೇ ಇದ್ದಿದ್ದರೆ ಈ ಬರಹ ನೀವು ಓದುತ್ತಿರಲಿಲ್ಲ. ಕೂತು ನೋಡಿದರೆ ಎಡಗಾಲಿನದೂ ಬಾಯಿ ಬಿಟ್ಟಿದೆ, ಒಳಗಿನ ಫೋಮು ಹಳೆಯ ರಸ್ಕಿನ ಹಾಗೆ ಪುಡಿಯಾಗಿ ಉದುರುತ್ತಿದೆ. ತಲೆಯ ಮೇಲೆ ಕಾಯಿಯ ಬುಟ್ಟಿ ಹೊತ್ತು ಬರಿಗಾಲಿನಲ್ಲಿ ಹತ್ತುತ್ತಿದ್ದ ಮುದುಕಿಯೊಬ್ಬಳು ನಿಂತು, "ಅದುನ್ ಬಿಚ್ಚಾಕು ಸೋಮಿ, ಕಾಲಾದ್ರೂ ಕಲ್ಲಿಡಿತದೆ" ಎಂದಳು. ಮಗ ತನ್ನ ಕರವಸ್ತ್ರ ಹರಿದು ನನ್ನೆರಡು ಪಾದಕ್ಕೆ ಸುತ್ತಿ ಗಂಟು ಹಾಕಿದ. ಚಿಕ್ಕವನಿದ್ದಾಗ ಅವನ ಶೂ ಲೇಸು ಕಟ್ಟುತ್ತಿದ್ದವನು ನಾನು. ಇಳಿಯುವಷ್ಟೂ ಹೊತ್ತು ಒಂದು ಮೆಟ್ಟಿಲು ಕೆಳಗೆ ನಿಂತು ಕೈ ಕೊಟ್ಟ. ಜುಲೈನಿಂದ ಆಡದೆ ಉಳಿದಿದ್ದ ಮಾತನ್ನು ಆ ದಾರಿಯಲ್ಲಿ ಆಡಿದ, ಕೆಲಸ ಹೋದ ದಿನದಿಂದ ಹಿಡಿದು ಎಲ್ಲ. ಮೊಮ್ಮಗಳು ಅಟ್ಟೆಗಳೆರಡನ್ನೂ ಕೈಯಲ್ಲಿ ಹಿಡಿದು ಮುಂದೆ ಇಳಿಯುತ್ತಿದ್ದಳು.

ಇಬ್ಬಲೂರಿನ ನಮ್ಮ ಚಮ್ಮಾರರು ಶೂ ನೋಡಿ ನಕ್ಕುಬಿಟ್ಟರು. ತಿಂಗಳಿಗೆ ಇಂಥದ್ದು ಎರಡಾದರೂ ಅವರ ಹತ್ತಿರ ಬರುತ್ತವಂತೆ. ಅಟ್ಟೆಗೂ ಮೇಲ್ಭಾಗಕ್ಕೂ ನಡುವೆ ಪಾಲಿಯುರಿಥೇನ್ ಎಂಬ ಮೆತ್ತೆ ಇರುತ್ತದೆ. ಗಾಳಿಯ ತೇವ ಅದನ್ನು ನಿಧಾನವಾಗಿ ಒಡೆಯುತ್ತ ಹೋಗುತ್ತದೆ, ತೊಟ್ಟರೂ ಸರಿ, ಡಬ್ಬಿಯಲ್ಲಿಟ್ಟರೂ ಸರಿ. ಮುಚ್ಚಿಟ್ಟದ್ದೇ ಬೇಗ ಹಾಳಾಗುವುದೂ ಉಂಟು. ನನ್ನ ಸವಕಳಿ ಲೆಕ್ಕ ಬಳಕೆಯದ್ದಾಗಿತ್ತು, ಹಾಕಬೇಕಾದದ್ದು ವರ್ಷದ್ದು. ಬಿ.ಕಾಂ. ಮೊದಲ ವರ್ಷದಲ್ಲಿ ಎರಡನ್ನೂ ಓದಿದ್ದೆ. ಹಳೆಯ ಶೂ ಕೊಳ್ಳುವವರು ಒಳಪಟ್ಟಿಯಲ್ಲಿ ತಯಾರಾದ ತಿಂಗಳು, ವರ್ಷ ಇದೆಯೇ ನೋಡಿ. ಹೆಬ್ಬೆರಳಿನಿಂದ ಮೆತ್ತೆಯನ್ನು ಒತ್ತಿ, ಬಿರುಕು ಕಂಡರೆ ಅಲ್ಲೇ ಬಿಟ್ಟು ಬನ್ನಿ. ಹಳೆಯ ಚೀಲ, ರೈನ್‌ಕೋಟುಗಳ ಒಳಗೆ ಕೈಯಾಡಿಸಿ, ಅಂಟಂಟು ಅನ್ನಿಸಿದರೆ ಅದೂ ಇದೇ ರೋಗ. ನಮ್ಮ ಚೀಲವನ್ನು ಮತ್ತೆ ತಡಕಿ ನೋಡಿದೆ, ಒಣಗಿಯೇ ಇತ್ತು.

ಚೀಲದೊಳಗೆ ಹಾಕಲು 20 ರೂಪಾಯಿಯ ದೊಡ್ಡ ಪ್ಲಾಸ್ಟಿಕ್ ಕವರು ತಂದೆ. ಒಟ್ಟು 3,558. ನನ್ನ 900 ಬೇರೆ ಖಾತೆ, ಅದನ್ನು ವಜಾ ಮಾಡಿದೆ.

ಕೊಡಚಾದ್ರಿಯಲ್ಲಿ ಎರಡು ದಿನವೂ ಮಳೆ ಹೊಡೆಯಿತಂತೆ. ಸರ್ವಜ್ಞಪೀಠದ ಹತ್ತಿರ ಮಂಜಿನಲ್ಲಿ ಮುಂದಿನವರ ಬೆನ್ನೇ ಕಾಣುತ್ತಿರಲಿಲ್ಲವಂತೆ. ಮೊಮ್ಮಗಳಿಗೆ ನಾಲ್ಕು ಜಿಗಣೆ ಕಚ್ಚಿದ್ದವು, ಎಣಿಸಿ ಇಟ್ಟಿದ್ದಳು. ಪ್ಲಾಸ್ಟಿಕ್ ಕವರಿನೊಳಗಿದ್ದ ಬಟ್ಟೆ ಒದ್ದೆಯಾಗಿರಲಿಲ್ಲ, ಸ್ವೆಟರನ್ನು ರಾತ್ರಿ ಗೆಳತಿಗೆ ಕೊಟ್ಟಿದ್ದಳಂತೆ. ಮಾಪಿನ ಹಿಡಿಗೆ ಎಲ್ಲರೂ ನಕ್ಕರಂತೆ, ಇಳಿಯುವಾಗ ಮೂವರು ಅದನ್ನೇ ಕೇಳಿದರಂತೆ.

ಬಂದ ಮರುದಿನ ಅವಳು ಶೂ ತೊಳೆದು ಬಾಲ್ಕನಿಯಲ್ಲಿ ನೆರಳಿಗೆ ಒಣಗಿಟ್ಟಳು. ಆಮೇಲೆ ಮಾರ್ಕರ್ ತಂದು ನಾಲಿಗೆಯ ಒಳಗಡೆ ಕೊಂಡ ತಿಂಗಳು, ವರ್ಷ ಬರೆಯತೊಡಗಿದಳು. ಯಾಕೆ ಎಂದು ಕೇಳಿದೆ.

"ಮುಂದಿನ ವರ್ಷ ನಂಗೆ ಚಿಕ್ಕದಾಗುತ್ತಲ್ಲ, ಲಿಫ್ಟ್ ಹತ್ರ ಬೋರ್ಡಿಗೆ ಹಾಕ್ತೀನಿ. ಯಾರದ್ದಾದ್ರೂ ತಾತ ತಗೊಳ್ಳೋಕೆ ಬಂದ್ರೆ ಓದ್ಲಿ ಅಂತ."