ಮೂರು ಡಬ್ಬಿಗಳು

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಏನಾದರೊಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಿಕೆಯವರು ಎರಡು ಸಾರಿ ಹೇಳಿ ಕಳುಹಿಸಿದರು. ಹಳೆಯ ವಿದ್ಯಾರ್ಥಿನಿಯರು ಬರೆಯತಕ್ಕ ವಿಷಯಗಳೆಲ್ಲವನ್ನೂ ಇತರ ಸೋದರಿಯರು ಈ ಮೊದಲೇ ಚೆನ್ನಾಗಿ ಬರೆದಿರುವದರಿಂದ, ಕಳೆದ ಬೇಸಿಗೆಯ ರಜೆಯಲ್ಲಿ ನಮ್ಮ ಮನೆಯಲ್ಲಿ ನಡೆದ ಒಂದು ಆಟದ ಸಂಗತಿಯನ್ನು ಬರೆಯಲು ಮನಸ್ಸಾಯಿತು. ಆಟದ ಮಾತಾದಾಗ್ಯೂ ಅದು ನಮ್ಮ ಬೋರ್ಡಿಂಗಿನ ಉಗ್ರಾಣದ ಬಾಗಿಲವರೆಗೆ ಬಂದು ನಿಂತದ್ದರಿಂದ ಈ ಸಂಚಿಕೆಗೆ ಹೊರತಾದದ್ದಲ್ಲವೆಂದು ನಂಬಿದ್ದೇವೆ.

ರಜೆಗೆಂದು ಮೈಸೂರಿಗೆ ಬಂದಿದ್ದ ನಮ್ಮ ಮೊಮ್ಮಗಳು ಮಧ್ಯಾಹ್ನದ ಊಟವಾದ ಮೇಲೆ ಗಣಕಯಂತ್ರದ ಮುಂದೆ ಕುಳಿತು ‘ಬ್ಲೂ ಪ್ರಿನ್ಸ್’ ಎಂಬ ಸಾಹಸದ ಆಟವನ್ನು ಆಡುವಳು. ಅದು 2025ರಲ್ಲಿ ಹೊರಬಂದ ಆಟವು. ಒಬ್ಬ ಹುಡುಗನಿಗೆ ಹಿರಿಯ ಬಂಧುವೊಬ್ಬನಿಂದ ಒಂದು ದೊಡ್ಡ ಬಂಗಲೆಯು ಬರತಕ್ಕದ್ದಾಗಿದೆ. ಆದರೆ 45 ಕೋಣೆಗಳುಳ್ಳ ಆ ಬಂಗಲೆಯಲ್ಲಿ 46ನೆಯ ಕೋಣೆಯನ್ನು ಹುಡುಕಿ ತೆಗೆದರೆ ಮಾತ್ರ ಅದು ಅವನದಾಗುವದು. ದಿನ ಬೆಳಗಾದರೆ ಕೋಣೆಗಳು ಹಿಂದಿನ ದಿನ ಇದ್ದಲ್ಲಿ ಇರುವದಿಲ್ಲ. ನಮ್ಮ ವಯಸ್ಸಿನವರಿಗೆ ತಲೆ ತಿರುಗಿಸಲು ಇಷ್ಟೇ ಸಾಕು. ಆದರೂ ಅದರಲ್ಲಿ ಬರುವ ಒಂದು ಕೋಣೆಯು ನಮ್ಮ ಗಮನವನ್ನು ಸೆಳೆಯಿತು. ಅಲ್ಲಿ ನೀಲಿ, ಬಿಳಿ, ಕಪ್ಪು ಬಣ್ಣದ ಮೂರು ಪೆಟ್ಟಿಗೆಗಳು. ಒಂದರೊಳಗೆ ಮಾತ್ರ ರತ್ನಗಳು, ಮಿಕ್ಕ ಎರಡೂ ಬರಿದು. ಪ್ರತಿಯೊಂದರ ಮೇಲೂ ಒಂದು ಬರಹ. ಒಂದು ಪೆಟ್ಟಿಗೆಯಾದರೂ ನಿಜವನ್ನೇ ಹೇಳುವದು, ಒಂದು ಪೆಟ್ಟಿಗೆಯಾದರೂ ಸುಳ್ಳನ್ನೇ ಹೇಳುವದು. ಯಾವದು ಯಾವದೆಂಬದನ್ನು ಆಡುವವರೇ ಯೋಚಿಸಿ ತಿಳಿಯಬೇಕು. ಕೈಯಲ್ಲಿರುವ ಬೀಗದಕೈಯಿಂದ ಒಂದನ್ನು ಮಾತ್ರ ತೆರೆಯಬಹುದು.

ಇದನ್ನು ಕಂಡೊಡನೆ ನಮಗೆ ಹೈಸ್ಕೂಲಿನಲ್ಲಿ ಓದಿದ ಷೇಕ್ಸ್‌ಪಿಯರ್ ಕವಿಯ ‘ವೆನಿಸ್ಸಿನ ವರ್ತಕ’ನ ನೆನಪಾಯಿತು. ಅದರಲ್ಲಿ ಪೋರ್ಷಿಯಾಳನ್ನು ವರಿಸಬಂದವರ ಮುಂದೆ ಚಿನ್ನ, ಬೆಳ್ಳಿ, ಸೀಸದ ಮೂರು ಪೆಟ್ಟಿಗೆಗಳನ್ನು ಇಡುವರಷ್ಟೆ. ಆ ಪೆಟ್ಟಿಗೆಗಳ ಬರಹಗಳು ಒಗಟಿನಂತಿದ್ದರೂ ಸುಳ್ಳಾಡುವದಿಲ್ಲ. ಅವುಗಳಿಗೆ ಸುಳ್ಳಾಡುವದನ್ನು ಕಲಿಸಿ ತರ್ಕದ ಆಟಗಳನ್ನು ಕಟ್ಟಿದಾತನು ಅಮೆರಿಕದ ರೇಮಂಡ್ ಸ್ಮಲ್ಯನ್ ಎಂಬ ಗಣಿತಜ್ಞನು. 1978ರಲ್ಲಿ ಪ್ರಕಟವಾದ ಅವನ ಒಂದು ಪುಸ್ತಕದಲ್ಲಿ ಪೋರ್ಷಿಯಾಳ ಹೆಸರಿನಲ್ಲಿಯೇ ಇಂಥ ಲೆಕ್ಕಗಳಿವೆ. ಬುದ್ಧಿಯ ಆಟಗಳು ನಮ್ಮ ಮೈಸೂರಿಗೇನೂ ಹೊಸವಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರವರು (1794–1868) ಚದುರಂಗದ ಕುದುರೆಯನ್ನು 64 ಮನೆಗಳಲ್ಲಿಯೂ ಒಂದೊಂದೇ ಸಾರಿ ನಡಿಸುವ ಬಂಧಗಳನ್ನು ರಚಿಸಿ ಕೀರ್ತಿ ಪಡೆದವರು. ಆದರೆ ಕುದುರೆಯು ಮಾತಾಡುವದಿಲ್ಲ. ಆದ್ದರಿಂದ ಅದರ ಮಾತನ್ನು ನಂಬಬೇಕೋ ಬೇಡವೋ ಎಂಬ ಚಿಂತೆ ಅಲ್ಲಿಲ್ಲ.

ನಾವು ಆಸೆಯಿಂದ ನೋಡುತ್ತಿರುವದನ್ನು ಕಂಡ ಮೊಮ್ಮಗಳು ಮಾರನೆಯ ದಿನ ಅಡಿಗೆಮನೆಯ ಮೂರು ಡಬ್ಬಿಗಳಿಗೆ ಬಣ್ಣದ ಕಾಗದವನ್ನು ಅಂಟಿಸಿ, ಒಂದರಲ್ಲಿ ಎರಡು ತುಂಡು ಮೈಸೂರು ಪಾಕನ್ನಿಟ್ಟು, ಅದೇ ಆಟದ ಕಟ್ಟಳೆಯಂತೆ ನಮಗಾಗಿ ಒಂದು ಲೆಕ್ಕವನ್ನು ಹೂಡಿದಳು. ನೀಲಿ ಡಬ್ಬಿಯ ಮೇಲೆ ‘ತಿಂಡಿಯು ನನ್ನಲ್ಲಿದೆ’ ಎಂದೂ, ಬಿಳಿಯದರ ಮೇಲೆ ‘ನಾನು ಬರಿದು’ ಎಂದೂ, ಕಪ್ಪಿನ ಮೇಲೆ ‘ಬಿಳಿ ಡಬ್ಬಿಯು ಬರಿದು’ ಎಂದೂ ಬರೆದಿದ್ದಳು.

ನಾವು ಸ್ವಲ್ಪ ಹೊತ್ತು ಯೋಚಿಸಿದೆವು. ಬಿಳಿಯದೂ ಕಪ್ಪಿನದೂ ಒಂದೇ ಮಾತನ್ನು ಹೇಳುತ್ತಿವೆ. ಒಂದು ಸಂಗತಿಯನ್ನು ನಂಬಲು ಇಬ್ಬರ ಸಾಕ್ಷಿ ಬೇಕೆಂದು ಮೋಶೆಯ ಧರ್ಮಶಾಸ್ತ್ರದಲ್ಲಿಯೇ ಇದೆಯಲ್ಲವೇ? ಆದಕಾರಣ ಬಿಳಿಯದು ಬರಿದೇ ಸರಿ. ನೀಲಿಯದು ತನ್ನಲ್ಲಿದೆ ಎಂದು ಬಾಯಿಬಿಟ್ಟು ಹೇಳುತ್ತಿದೆ. ಹೀಗೆಂದು ನೀಲಿ ಡಬ್ಬಿಗೆ ಕೈ ಹಾಕಿದೆವು.

“ತಾಳಿ ಅಜ್ಜಿ. ತಿಂಡಿ ಅಲ್ಲಿದ್ದರೆ ಸುಳ್ಳು ಹೇಳಿದವರು ಯಾರು?” ಎಂದಳು.

ಕೈಯನ್ನು ಹಿಂದಕ್ಕೆ ತೆಗೆದುಕೊಂಡೆವು. ನೀಲಿಯಲ್ಲಿದ್ದರೆ ಮೂರು ಮಾತುಗಳೂ ನಿಜವಾಗುವವು, ಸುಳ್ಳುಗಾರನೇ ಇಲ್ಲದಂತಾಗುವದು. ಬಿಳಿಯದರಲ್ಲಿದ್ದರೆ ಮೂರೂ ಸುಳ್ಳಾಗುವವು, ಸತ್ಯವಂತನಿಲ್ಲದಂತಾಗುವದು. ಎರಡೂ ಕಟ್ಟಳೆಗೆ ವಿರೋಧ. ಉಳಿದದ್ದು ಕಪ್ಪು ಡಬ್ಬಿಯೊಂದೇ. ತೆರೆದು ನೋಡಿದರೆ ಮೈಸೂರು ಪಾಕು ಅಲ್ಲಿಯೇ ಇದ್ದಿತು.

“ಆದರೆ ಇದು ತನ್ನ ವಿಷಯವಾಗಿ ಏನನ್ನೂ ಹೇಳಲೇ ಇಲ್ಲವಲ್ಲ!” ಎಂದೆವು.

“ಅದಕ್ಕೇ ಅಜ್ಜಿ, ನೀವು ಅದರ ಕಡೆಗೆ ನೋಡಲಿಲ್ಲ. ಅದು ಹೇಳಿದ್ದು ನಿಜವೇ. ಬಿಳಿ ಡಬ್ಬಿ ಬರಿದೇ ಇತ್ತು” ಎಂದು ನಕ್ಕಳು.

ನಮಗೆ ನಗು ಬರಲಿಲ್ಲ. ಆ ಸಿಹಿಯನ್ನು ಅವಳೊಬ್ಬಳೇ ತಿಂದಳು.

ಆ ಸಾಯಂಕಾಲ ಅವಳು ಇನ್ನೊಂದು ಹಳೆಯ ಒಗಟನ್ನು ಹೇಳಿದಳು. ಎರಡು ಬಾಗಿಲುಗಳು, ಒಂದು ಬದುಕಿಗೆ, ಒಂದು ಸಾವಿಗೆ. ಇಬ್ಬರು ಕಾವಲುಗಾರರು, ಒಬ್ಬನು ಯಾವಾಗಲೂ ನಿಜ, ಇನ್ನೊಬ್ಬನು ಯಾವಾಗಲೂ ಸುಳ್ಳು. ಒಬ್ಬನಿಗೆ ಒಂದೇ ಪ್ರಶ್ನೆಯನ್ನು ಹಾಕಬಹುದು. ಬದುಕಿನ ಬಾಗಿಲು ಯಾವದೆಂದು ನಿನ್ನ ಜೊತೆಗಾರನನ್ನು ಕೇಳಿದರೆ ಅವನು ಯಾವದನ್ನು ತೋರಿಸುವನೆಂದು ಕೇಳಿ, ಅವನು ತೋರಿಸಿದ್ದನ್ನು ಬಿಟ್ಟು ಇನ್ನೊಂದರಲ್ಲಿ ಹೋಗಬೇಕಂತೆ. ಯಾಕಂದರೆ ಒಂದು ನಿಜವೂ ಒಂದು ಸುಳ್ಳೂ ಸೇರಿ ಬಂದ ಉತ್ತರವು ಎಂದಿಗೂ ಸುಳ್ಳೇ ಆಗಿರುವದು. ಹಾಗಾದರೆ ಸದಾ ಸುಳ್ಳಾಡುವವನಿಂದ ಯಾರಿಗೂ ಕೇಡಿಲ್ಲ. ಅವನ ಮಾತನ್ನು ತಿರುವಿ ಹಾಕಿದರೆ ಸತ್ಯವೇ ದೊರೆಯುವದು. ಸತ್ಯವೇದದ ಪಾಠದಲ್ಲಿ ತೀತನಿಗೆ ಬರೆದ ಪತ್ರಿಕೆಯನ್ನು ಓದುವಾಗ, ಕ್ರೇತದವರು ಯಾವಾಗಲೂ ಸುಳ್ಳುಗಾರರೆಂದು ಅವರಲ್ಲಿಯೇ ಒಬ್ಬನು ಹೇಳಿದನೆಂಬ ಮಾತು ಬಂದಾಗ, ಹಾಗಾದರೆ ಅವನು ಹೇಳಿದ್ದು ನಿಜವೋ ಸುಳ್ಳೋ ಎಂದು ಕೇಳಿ ನಮ್ಮ ತರಗತಿಯವರೆಲ್ಲರೂ ಉಪಾಧ್ಯಾಯಿನಿಯವರನ್ನು ಪೀಡಿಸಿದ್ದುಂಟು. ಆ ಪ್ರಶ್ನೆಯನ್ನು ಮೊದಲು ಎತ್ತಿದವಳು ನಮ್ಮ ಪಕ್ಕದಲ್ಲಿ ಕುಳಿತುಕೊಳ್ಳುತ್ತಿದ್ದ ಗೆಳತಿ. ಈ ಲೇಖನವು ಅವಳ ವಿಷಯವಾದದ್ದು.

1963ನೆಯ ಇಸವಿ, ನಾವು ಎಂಟನೆಯ ತರಗತಿಯಲ್ಲಿದ್ದೆವು. ಅವಳು ಹೆಗ್ಗಡದೇವನಕೋಟೆಯ ಕಡೆಯ ಒಂದು ಹಳ್ಳಿಯಿಂದ ಬಂದವಳು, ದಸರೆಯನ್ನು ಎಂದೂ ಕಂಡವಳಲ್ಲ. ದಸರೆಯ ರಜೆಗೆ ಊರಿಗೆ ಹೋಗದೆ ಉಳಿದ ಹುಡುಗಿಯರನ್ನು ಜಂಬೂಸವಾರಿಗೆ ಕರೆದುಕೊಂಡು ಹೋಗುವ ಪದ್ಧತಿಯಿತ್ತು. ತಿಂಗಳಿಂದಲೂ ಅವಳ ಬಾಯಲ್ಲಿ ಅದೇ ಮಾತು. ಸವಾರಿಗೆ ಮೂರು ದಿನಗಳಿರುವಾಗ ಉಗ್ರಾಣದಲ್ಲಿದ್ದ ಮಿಡಿ ಉಪ್ಪಿನಕಾಯಿಯ ದೊಡ್ಡ ಪಿಂಗಾಣಿ ಜಾಡಿಯು ಒಡೆದು ಬಿದ್ದಿರುವದು ಕಂಡುಬಂತು. ಮೇಲ್ವಿಚಾರಕಿಯವರು ನಮ್ಮೆಲ್ಲರನ್ನೂ ಸಾಲಾಗಿ ನಿಲ್ಲಿಸಿ ವಿಚಾರಿಸಿದರು. ಯಾರೂ ಉತ್ತರ ಕೊಡಲಿಲ್ಲ. ಕಡೆಗೆ ನಮ್ಮ ಕಡೆ ತಿರುಗಿ, “ನೀನಾದರೂ ಹೇಳಮ್ಮ, ನಿನಗೇನು ಗೊತ್ತು?” ಎಂದು ಕೇಳಿದರು. ನಾವು ತರಗತಿಯ ಮುಖಂಡಳು. ಸುಳ್ಳಾಡುವವಳಲ್ಲವೆಂದು ಹೆಸರು ಪಡೆದವಳು.

“ಅಮ್ಮಾ, ಈ ವಾರ ಉಗ್ರಾಣದ ಬೀಗದಕೈ ಅವಳ ಹತ್ತಿರ ಇದೆ” ಎಂದೆವು.

ಇದರಲ್ಲಿ ಸುಳ್ಳಿನ ಒಂದಕ್ಷರವೂ ಇರಲಿಲ್ಲ. ಸರದಿಯು ಅವಳದೇ, ಬೀಗದಕೈಯು ಅವಳ ವಶದಲ್ಲಿಯೇ ಇದ್ದದ್ದು. ಅವಳು ನಮ್ಮ ಮುಖವನ್ನು ಒಂದು ಸಾರಿ ನೋಡಿ, “ನಾನು ಒಡೆಯಲಿಲ್ಲಮ್ಮ” ಎಂದಷ್ಟೇ ಹೇಳಿದಳು. ಯಾರೂ ನಂಬಲಿಲ್ಲ. ವಿಜಯದಶಮಿಯ ದಿವಸ ಅವಳನ್ನು ಬೋರ್ಡಿಂಗಿನಲ್ಲಿಯೇ ಬಿಟ್ಟು, ಮಿಕ್ಕವರೆಲ್ಲರೂ ಸಯ್ಯಾಜಿರಾವ್ ರಸ್ತೆಯ ಬದಿಯಲ್ಲಿ ನಿಂತು ಸವಾರಿಯನ್ನು ನೋಡಿದೆವು.

ರಾತ್ರಿ ದೀಪವಾರಿದ ಮೇಲೆ ಅವಳು ನಮ್ಮ ಹಾಸಿಗೆಯ ಹತ್ತಿರ ಬಂದು ಕುಳಿತಳು. ಕೋಪ ಮಾಡಲಿಕ್ಕಲ್ಲ, ಕಥೆ ಕೇಳಲಿಕ್ಕೆ. “ಅಂಬಾರಿ ನಿಜವಾಗಿಯೂ ಬಂಗಾರದ್ದೇನೇ? ಅಷ್ಟು ದೊಡ್ಡದನ್ನು ಹೊತ್ತರೆ ಆನೆಗೆ ಭಾರವಾಗೋದಿಲ್ಲವೇ?” ಎಂದು ಒಂದೊಂದಾಗಿ ಕೇಳಿದಳು. ಅದರ ತೂಕವು ಸುಮಾರು 750 ಕಿಲೋ ಎಂದು ನಮಗೆ ಎಷ್ಟೋ ವರುಷಗಳ ಮೇಲೆ ತಿಳಿಯಿತು. ಅಂದು ಮಾತ್ರ, ಇಲ್ಲ ಕಣೇ, ಆನೆಗೆ ಏನೂ ಭಾರವಿಲ್ಲ ಎಂದೆವು. ಆ ವಾರದಲ್ಲಿ ನಾವು ಬಾಯಿಬಿಟ್ಟು ಆಡಿದ ಸುಳ್ಳು ಅದೊಂದೇ.

ಸಂಚಿಕೆಗಳಲ್ಲಿ ‘ನಾವು’ ಎಂದು ಬರೆಯುವದು ವಾಡಿಕೆ. ಬಹುವಚನದೊಳಗೆ ಹೊಕ್ಕರೆ ನಾಲ್ಕು ಜನರ ನಡುವೆ ನಿಂತಂತೆ ಧೈರ್ಯ. ಮೇಲೆ ಸವಾರಿಯನ್ನು ನೋಡಿದ ‘ನಾವು’ ನಿಜವಾಗಿಯೂ ಅನೇಕರು. ಇನ್ನು ಮುಂದೆ ಬರುವ ‘ನಾವು’ ಎಂಬದರಲ್ಲಿ ಮಾತ್ರ ಬೇರೆ ಯಾವ ಸೋದರಿಯೂ ಸೇರಿಲ್ಲ.

ಎಸ್.ಎಸ್.ಎಲ್.ಸಿ. ಆದ ಮೇಲೆ ಅವಳೂ ನಾವೂ ಬೇರೆ ಬೇರೆ ಊರುಗಳಿಗೆ ಹೋದೆವು. ಕಾಗದಗಳು ಕೆಲವು ಕಾಲ ನಡೆದು ನಿಂತುಹೋದವು. ವಿಳಾಸ ತಿಳಿದಿರುವ ಹಳೆಯ ವಿದ್ಯಾರ್ಥಿನಿಯರೆಲ್ಲರಿಗೂ ಈ ಸಂಚಿಕೆಯನ್ನು ಕಳುಹಿಸುವದಾಗಿ ಸಂಪಾದಿಕೆಯವರು ತಿಳಿಸಿದ್ದಾರೆ. ಅವಳ ವಿಳಾಸವು ಅವರಲ್ಲಿರುವದೆಂದು ಕೇಳಿ ತಿಳಿದುಕೊಂಡೆವು.

ಆ ಶನಿವಾರ ಸಂಜೆ ಅವಳು ಬೀಗದಕೈಯನ್ನು ಅಡಿಗೆಮನೆಯ ಮೊಳೆಗೆ ತೂಗುಹಾಕಿ ಪ್ರಾರ್ಥನೆಗೆ ಹೋಗಿದ್ದಳು. ತಲೆನೋವೆಂದು ಹಿಂದೆ ಉಳಿದವರು ಅದನ್ನು ತೆಗೆದುಕೊಂಡು ಒಂದು ಮಿಡಿಗಾಯಿಯ ಆಸೆಗೆ ಉಗ್ರಾಣದೊಳಕ್ಕೆ ಹೋದೆವು. ಕತ್ತಲಲ್ಲಿ ಮೊಳಕೈ ತಗುಲಿ ಜಾಡಿಯು ಉರುಳಿತು. ಬೀಗ ಹಾಕಿ, ಬೀಗದಕೈಯನ್ನು ಅದೇ ಮೊಳೆಗೆ ತಿರುಗಿ ತೂಗುಹಾಕಿ, ಕೈ ತೊಳೆದುಕೊಂಡು ಬಂದು ಮಲಗಿದೆವು.