ಐನೂರ ಹದಿನೈದರ ಚೀಲ

ಪಾರ್ಸೆಲ್ ವಿಂಗಡಿಸುವವನಿಗೆ ಊರಿನ ಹೆಸರು ಬೇಕಾಗುವುದಿಲ್ಲ, ಅಂಕಿಗಳಿದ್ದರೆ ಸಾಕು. ಪಿನ್ ಸಂಖ್ಯೆ 5ರಿಂದ ಆರಂಭವಾದರೆ ಆಂಧ್ರ, ತೆಲಂಗಾಣ, ಕರ್ನಾಟಕಗಳ ವಲಯ. ಮೊದಲ ಮೂರು ಅಂಕಿಗಳು ಸೇರಿ ವಿಂಗಡಣೆಯ ಜಿಲ್ಲೆಯನ್ನೂ ಕೊನೆಯ ಮೂರು ಅಂಚೆ ಕಚೇರಿಯನ್ನೂ ಸೂಚಿಸುತ್ತವೆ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ಪದ್ಧತಿಯನ್ನು ರೂಪಿಸಿದ ಶ್ರೀರಾಮ ಭಿಕಾಜಿ ವೆಲಣಕರರು ಸಂಸ್ಕೃತ ಕವಿಯೂ ಆಗಿದ್ದರೆಂಬುದು ಸಾಹಿತ್ಯದ ವಿದ್ಯಾರ್ಥಿಯಾದ ನನಗೊಂದು ಸಣ್ಣ ಸಮಾಧಾನ.

ನೆಲಮಂಗಲದ ಕಡೆಯ ಗೋದಾಮೊಂದರಲ್ಲಿ ವಾರಕ್ಕೆ ಆರು ರಾತ್ರಿ ನನ್ನ ಪಾಳಿ, ಹತ್ತರಿಂದ ಬೆಳಗಿನ ಆರರವರೆಗೆ. ಲಾರಿಯಿಂದಿಳಿದ ಮೂಟೆಗಳನ್ನು ಬಿಚ್ಚಿ, ವಿಳಾಸದ ಚೀಟಿ ಮೇಲೆ ಬರುವಂತೆ ಬೆಲ್ಟಿನ ಮೇಲಿಟ್ಟು, ಸ್ಕ್ಯಾನ್ ಮಾಡಿ, ಆಯಾ ಚೀಲಕ್ಕೆ ಹಾಕಬೇಕು. ಚೀಲ ತುಂಬಿದೊಡನೆ ಬಾಯಿ ಕಟ್ಟಿ ಸೀಲು ಹಾಕಬೇಕು. ಮೂರರಿಂದ ನಾಲ್ಕರವರೆಗಿನ ಹೊತ್ತು ಬಲು ಕಠಿಣ. ಕಣ್ಣು ತೆರೆದೇ ಇರುತ್ತದೆ, ಅಂಕಿಗಳು ಮಾತ್ರ ಈಜತೊಡಗುತ್ತವೆ. ಹಿಮ್ಮಡಿಯ ನೋವು ಹಗಲಿನ ತರಗತಿಯವರೆಗೂ ಜೊತೆಗೆ ಬರುತ್ತದೆ.

ನನ್ನ ಪಾಲಿಗೆ ಬಂದುದು 515ರ ಚೀಲ. ನಮ್ಮ ಮಡಕಶಿರಾ 515301, ರಾಯದುರ್ಗ 515865, ಎರಡೂ ಅದರೊಳಗೇ. ಪಕ್ಕದಲ್ಲಿ ತುಮಕೂರಿನ 572, ಬಳ್ಳಾರಿಯ 583. ರಾಯದುರ್ಗವು 1953ರವರೆಗೆ ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿತ್ತು. ಆಂಧ್ರ ರಾಜ್ಯವಾದಾಗ ಅನಂತಪುರಕ್ಕೆ ಸೇರಿತು. ಮಡಕಶಿರಾ 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಜಿಲ್ಲೆ ಬದಲಾದರೂ ಪಿನ್ ಬದಲಾಗಿಲ್ಲ. ನನ್ನ ಚೀಲಕ್ಕೆ ಹೊಸ ಜಿಲ್ಲೆಯ ಸುದ್ದಿ ಇನ್ನೂ ತಲುಪಿಲ್ಲವೆಂದು ನಗುತ್ತಿರುತ್ತೇನೆ.

ಒಂದು ರಾತ್ರಿ, ಮಳೆಯಲ್ಲಿ ನೆನೆದು ಪಿನ್ ಅಳಿಸಿಹೋದ ಕಟ್ಟೊಂದು ಬಂದಿತು. ವಿಳಾಸ ಕೈಬರಹದ ಕನ್ನಡದಲ್ಲಿತ್ತು; ಮೂಲೆಯಲ್ಲಿ 'ಔಷಧಿ, ಬೇಗ' ಎಂದು ಬರೆದಿತ್ತು. ಒಡಿಶಾದ ಜೊತೆಗಾರನೊಬ್ಬ ಲಿಪಿ ಕನ್ನಡವಾದ್ದರಿಂದ ಊರೂ ಕರ್ನಾಟಕದ್ದೇ ಎಂದು ಅದನ್ನು 572ರ ಕಡೆಗೆ ಹಿಡಿದಿದ್ದ. ಅವನ ತರ್ಕವನ್ನು ಯಾರೂ ತಪ್ಪೆನ್ನಲಾರರು. ಓದಿ ನೋಡಿದರೆ ಅಮರಾಪುರದ ಹತ್ತಿರದ ಹೇಮಾವತಿ! ಅಂದರೆ ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು. ಶಾಸನಗಳ ತರಗತಿಯಲ್ಲಿ ನಾವು ಮತ್ತೆ ಮತ್ತೆ ಕೇಳುವ ಹೆಸರು. ಅಲ್ಲಿ ಮನೆಮಾತು ಕನ್ನಡ, ಕಚೇರಿಯ ಮಾತು ತೆಲುಗು. ತುಮಕೂರಿಗೆ ಹೋಗಿದ್ದರೆ ಔಷಧಿ ಮರಳಿ ಬರಲು ದಿನಗಳೇ ಹಿಡಿಯುತ್ತಿದ್ದವು. ಪಿನ್ ಬರೆದು 515ಕ್ಕೆ ಹಾಕಿದೆ. ಅಂದಿನಿಂದ ಕೈಬರಹದ ಕನ್ನಡ, ತೆಲುಗು ಕಟ್ಟುಗಳೆಲ್ಲ ನನ್ನ ಬಳಿಗೇ ಬರುತ್ತವೆ. ಕೂಲಿಯೇನೂ ಹೆಚ್ಚಿಲ್ಲ.

ಕೂಲಿಯ ಮಾತು ಬಂದಿತಲ್ಲ, ಹೇಳಿಬಿಡುತ್ತೇನೆ. ಎರಡು ವರ್ಷ ಶೇಂಗಾ ಕೈಕೊಟ್ಟ ಮೇಲೆ ಮನೆಯ ಸಾಲದ ಬಡ್ಡಿಗೆ ಹೋಗುವುದು ಈ ಹಣವೇ. ಅವ್ವ ದಿನವೂ ಬೆಳಿಗ್ಗೆ ಫೋನು ಮಾಡಿ, "ಮಲಗಿದ್ದೇನಪ್ಪಾ?" ಎಂದು ಕೇಳುತ್ತಾಳೆ. ಬಸ್ಸಿನಲ್ಲಿ ಕಾಲೇಜಿನ ಕಡೆಗೆ ಬರುತ್ತಾ ಹೂಂ ಎನ್ನುತ್ತೇನೆ.

ಈಗ ಮುಂದಿನ ತಿಂಗಳಿನಿಂದ ಹಗಲು ಪಾಳಿ ಕೊಡುವುದಾಗಿ ಮೇಲ್ವಿಚಾರಕರು ಹೇಳಿದ್ದಾರೆ. ದೇಹಕ್ಕೆ ಅದು ಹಿತ, ಕೂಲಿಯೂ ಅಷ್ಟೇ. ಆದರೆ ತರಗತಿ ಬಿಡಬೇಕಾಗುತ್ತದೆ. ಶನಿವಾರದೊಳಗೆ ಉತ್ತರ ಕೇಳಿದ್ದರು. ರಾತ್ರಿಯೇ ಇರಲಿ ಎಂದು ನಿನ್ನೆ ಬರೆದುಕೊಟ್ಟೆ. ಅವ್ವನಿಗೆ ಇನ್ನೂ ತಿಳಿಸಿಲ್ಲ.